ರೈಟ್ ಅಂದರೆ ಬಲಗಡೆ ಅಲ್ಲ

ಪಿಕಪ್ ನಮ್ಮದಲ್ಲ. ಅದರ ಹಿಂದೆ ಕಟ್ಟಿದ್ದ ಗಾಲಿಮನೆ, ಕ್ಯಾರವಾನ್, ನಮ್ಮದಲ್ಲ. ಮೇಲೆ ಹೇರಿದ್ದ ಎರಡು ಕಯಾಕ್ ದೋಣಿಗಳೂ ನಮ್ಮವಲ್ಲ. ಎಲ್ಲವೂ ಹಾರ್ಲೆಮ್‌ನಲ್ಲಿ ಅಕ್ಕನ ಪಕ್ಕದ ಮನೆಯಲ್ಲಿದ್ದ ಡಚ್ ಮುದುಕರೊಬ್ಬರವು. ಅವರು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡು, ಹೆಂಡತಿ ಮೊಮ್ಮಕ್ಕಳೊಂದಿಗೆ ರೈಲಿನಲ್ಲಿ ಕ್ಯಾಂಪಿಂಗ್ ಜಾಗಕ್ಕೆ ಮೊದಲೇ ಹೋಗಿಬಿಟ್ಟಿದ್ದರು. ಸಾಮಾನು ತಲುಪಿಸುತ್ತೇನೆಂದು ಭಾವ ಮಾತು ಕೊಟ್ಟಿದ್ದರು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನಾಗ ಡೆಲ್ಫ್ಟ್‌ನಲ್ಲಿ ಓದುತ್ತಿದ್ದೆ. ಶನಿವಾರ ಬಂತೆಂದರೆ ಅನ್ನ ಸಾರಿಗಾಗಿ ಅಕ್ಕನ ಮನೆಗೆ ಓಡುತ್ತಿದ್ದೆ.

ಭಾವ ಸ್ಟಿಯರಿಂಗ್ ಮುಂದೆ, ಬಲಕ್ಕೆ ಅಕ್ಕ. ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮೊಣಕಾಲ ಮೇಲೆ ನಕ್ಷೆ ಹರಡಿಕೊಂಡು ನಾನು. ಹೊರಡುವ ಮುಂಚೆ ಅಕ್ಕ ಡ್ಯಾಶ್‌ಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬಿಡಬೇಕಲ್ಲ.

"ಕಯಾಕ್ ಕಟ್ಟಿರೋ ಪಟ್ಟಿ ಬಿಗಿಯಾಗಿದ್ರೆ ದೇವರು ಬೇಕಿಲ್ಲ, ಸಡಿಲ ಇದ್ರೆ ದೇವರ ಕೈಲಿ ಆಗಲ್ಲ. ಎರಡರಲ್ಲಿ ನಿನ್ನ ವಾದ ಯಾವುದು?"

"ನನ್ನ ವಾದ ಏನಂದ್ರೆ, ನೀನು ಬಾಯಿ ಮುಚ್ಕೊಂಡು ನಕ್ಷೆ ನೋಡು."

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಬೆಳೆದ ನಾಲಗೆ ನನ್ನದು. ಸುಮ್ಮನಿರುವುದೆಂದರೆ ಸೋತಂತೆ ಎಂದು ಅದಕ್ಕೆ ಯಾರೋ ಕಲಿಸಿಬಿಟ್ಟಿದ್ದರು.

ಆದರೆ ಹೆದ್ದಾರಿ ಹತ್ತಿದ ಮೇಲೆ ನನ್ನ ಸದ್ದೇ ಅಡಗಿತು. ಹಿಂದಿನ ಗಾಜಿನಿಂದ ನನಗೆ ಮಾತ್ರ ಕಾಣುತ್ತಿತ್ತು: ಕಯಾಕುಗಳ ಮೂತಿ ನಮ್ಮ ತಲೆಯ ಮೇಲೆ, ಬಾಲ ಹಿಂದಕ್ಕೆ ಚಾಚಿಕೊಂಡು. ಬಾಲದ ತುದಿಗೂ ಕ್ಯಾರವಾನಿನ ಮುಂದಿನ ಕಿಟಕಿಗೂ ನಡುವೆ ಎರಡು ಗೇಣು ಜಾಗ. ತಿರುವು ಬಂದಾಗಲೆಲ್ಲ ಆ ಎರಡು ಗೇಣು ಒಂದಾಗುತ್ತಿತ್ತು. ಅಡ್ಡಗಾಳಿ ಬೀಸಿದರೆ ಪಟ್ಟಿಗಳು ಗುಂಯ್‌ಗುಡುತ್ತಿದ್ದವು, ಕ್ಯಾರವಾನ್ ಕುಡಿದವನಂತೆ ತೂಗುತ್ತಿತ್ತು. ನನ್ನ ಅಂಗೈ ಬೆವರಿ ನಕ್ಷೆಯ ಅಂಚು ಮೆತ್ತಗಾಯಿತು.

ಅಂಥ ಹೊತ್ತಿನಲ್ಲೇ ನಾನು ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯೋಣವೆಂದು ವಾದಿಸಿದ್ದು. ಗಾಳಿ ಕಡಿಮೆ, ವೇಗ ಕಡಿಮೆ, ದೂರವೂ ಕಡಿಮೆ. ಮಂಗಳೂರಿನವರಾದ ಭಾವ, "ಎಂತದು, ಸಣ್ಣ ರೋಡಲ್ವಾ ಮಾರಾಯ್ತಿ?" ಎಂದರು. ಮೂರು ಕಾರಣ ಕೊಟ್ಟೆ. ಅವರು ಒಂದೂ ಕೊಡಲಿಲ್ಲ. ಗೆದ್ದೆ. ನಿಜವಾದ ಕಾರಣ ಭಯ ಎಂಬುದನ್ನು ಆ ಮೂರರಲ್ಲಿ ಸೇರಿಸಿರಲಿಲ್ಲ.

ಒಳದಾರಿ ಕೆರೆ ಏರಿಯಂಥ ಏರಿಯ ಮೇಲೆ ಸಾಗಿತು. ಎಡಕ್ಕೆ ಕೆಳಗೆ ಹಸುಗಳ ಹುಲ್ಲುಗಾವಲು, ಬಲಕ್ಕೆ ರಸ್ತೆಗೆ ಅಂಟಿದಂತೆ ಕಾಲುವೆ, ತುಂಬಿದ ಕಪ್ಪು ನೀರು. ತಡೆಗೋಡೆ ಇಲ್ಲ. ಸ್ವಲ್ಪ ದೂರದಲ್ಲಿ ರಸ್ತೆಯ ಎರಡೂ ಬದಿ ದಪ್ಪ ಕಂಬ, ಪಕ್ಕದಲ್ಲೊಂದು ಫಲಕ: ಎರಡು ಮೀಟರಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಕ್ಯಾರವಾನ್ ಅದಕ್ಕಿಂತ ಅಗಲ. ತಿರುಗಿಸಲು ಜಾಗವಿಲ್ಲ. ನೂರು ಹೆಜ್ಜೆ ಹಿಂದೆ ತೋಟದ ಮನೆಯೊಂದರ ಗೇಟು ಕಂಡಿತ್ತು. ಅಲ್ಲಿಯವರೆಗೆ ಹಿಂದಕ್ಕೆ ಹೋಗಲೇಬೇಕು.

ನಾನು ಕೆಳಗಿಳಿದೆ. "ಭಾವ, ಮೊದಲು ವ್ಯಾಖ್ಯೆ. ಲೆಫ್ಟ್, ರೈಟ್ ಅಂದ್ರೆ ಕ್ಯಾರವಾನಿನ ಬಾಲ ಹೋಗಬೇಕಾದ ಕಡೆ. ಸ್ಟಿಯರಿಂಗ್ ಅದಕ್ಕೆ ಉಲ್ಟಾ ತಿರುಗಿಸೋದು ನಿಮ್ಮ ಕೆಲಸ. ಒಪ್ಪಿಗೆನಾ?"

"ಒಪ್ಪಿಗೆ. ಮೆಲ್ಲ ಹೇಳು ಆಯ್ತಾ, ಅವಸರ ಮಾಡ್ಬೇಡ."

ಕ್ಯಾರವಾನಿನ ಹಿಂದೆ, ಅವರ ಎಡಗನ್ನಡಿಯಲ್ಲಿ ಕಾಣುವಂತೆ ನಿಂತು, "ಬರ್ಲಿ, ಬರ್ಲಿ" ಎನ್ನುತ್ತ ಹಿಂದೆ ಹಿಂದೆ ನಡೆದೆ. ಇಪ್ಪತ್ತು ಹೆಜ್ಜೆ ಗೆರೆ ಎಳೆದಂತೆ ಬಂತು. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ಆ ನೆಮ್ಮದಿಯಲ್ಲಿ ಬಾಯಿಂದ ಬಂದದ್ದು ಮೈಸೂರಿನ ಸಿಟಿ ಬಸ್ಸಿನ ಕಂಡಕ್ಟರನ ಮಾತು:

"ರೈಟ್, ರೈಟ್! ರೈಟ್, ರೈಟ್!"

ಸರಿ, ಬನ್ನಿ, ತೊಂದರೆಯಿಲ್ಲ ಎಂದರ್ಥ. ಕ್ಯಾರವಾನಿನ ಬಾಲ ಬಲಕ್ಕೆ, ನೀರಿನ ಕಡೆಗೆ ಹೊರಳಿತು.

ಆಗ ನಾನು ಕೂಗಬೇಕಿದ್ದದ್ದು ಒಂದೇ ಪದ, ಸ್ಟಾಪ್. ಎರಡು ವರ್ಷದ ಮಗುವೂ ಅದನ್ನೇ ಕೂಗುತ್ತಿತ್ತು. ನಾನು ವಿವರಣೆ ಕೊಟ್ಟೆ.

"ಅಯ್ಯೋ ಭಾವ, ರೈಟ್ ಅಂದ್ರೆ ಬಲಗಡೆ ಅಲ್ಲ! ನಾನು ಹೇಳಿದ್ದು ಆ ರೈಟ್ ಅಲ್ಲ!"

ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ ಅವರಿಗೆ ಕೇಳಿಸಿದ್ದು ಮತ್ತೆರಡು ರೈಟ್. ಸ್ಟಿಯರಿಂಗನ್ನು ಇನ್ನಷ್ಟು ಎಡಕ್ಕೆ ಎಳೆದರು. ಕ್ಯಾರವಾನಿನ ಬಲಗಾಲಿ ಡಾಂಬರು ಬಿಟ್ಟು ಹುಲ್ಲಿಗಿಳಿಯಿತು, ಹುಲ್ಲಿನ ಕೆಳಗಿನ ಮಣ್ಣು ಜಾರಿ ನೀರಿಗೆ ಬಿದ್ದ ಸದ್ದು ಕೇಳಿತು. ಕಯಾಕಿನ ಬಾಲ ಕಿಟಕಿಗೆ ತಾಗಿ ಚಟ್ ಎಂದಿತು. ಪಿಕಪ್ಪಿನ ಮೂತಿಯೂ ಕಾಲುವೆಯತ್ತ ತಿರುಗುತ್ತಿತ್ತು. ಆ ಬದಿಯ ಬಾಗಿಲಿನೊಳಗೆ ಅಕ್ಕ. ನನ್ನ ಬಾಯಿ ತೆರೆದೇ ಇತ್ತು.

ಗಾಡಿ ಗಕ್ಕನೆ ನಿಂತಿತು. ತನ್ನ ಕಡೆಯ ಕನ್ನಡಿಯಲ್ಲಿ ನೀರು ಹತ್ತಿರವಾಗುವುದನ್ನು ಕಂಡು ಅಕ್ಕ ಹ್ಯಾಂಡ್‌ಬ್ರೇಕ್ ಎಳೆದಿದ್ದಳು.

ಭಾವ ಇಳಿದು ಬಂದು ಗಾಲಿ ನೋಡಿದರು. ಅದಕ್ಕೂ ಅಂಚಿಗೂ ನಡುವೆ ನಾಲ್ಕು ಬೆರಳು. ಬೈಯಲಿಲ್ಲ; ಬೈದಿದ್ದರೆ ಉತ್ತರವಿತ್ತು ನನ್ನ ಹತ್ತಿರ.

"ಬೆಳಗ್ಗಿಂದ ರೈಟ್ ಅಂದ್ರೆ ಬಲಕ್ಕೆ ಅಂತ ಹೇಳಿ ದಾರಿ ತೋರಿಸಿದ್ದು ನೀನೇ. ವ್ಯಾಖ್ಯೆಯೂ ನಿಂದೇ. ಈಗ ಒಮ್ಮೆಗೇ ಕಂಡಕ್ಟರ್ ಆದ್ರೆ ನಂಗೆ ಹೇಗೆ ಗೊತ್ತಾಗುವುದು?"

ಮೆಲ್ಲಗೆ ಮುಂದಕ್ಕೆಳೆದು ಗಾಡಿಯನ್ನು ನೇರ ಮಾಡಿದರು. ಕ್ಯಾರವಾನಿನ ಕಿಟಕಿಯಲ್ಲಿ ಕೂದಲೆಳೆಯಂಥ ಬಿರುಕು. ಇನ್ನೂ ಎಂಬತ್ತು ಹೆಜ್ಜೆ ಬಾಕಿ. ಮತ್ತೆ ಹಿಂದಕ್ಕೆ. ನಾನು ಅಕ್ಕನ ಕಿಟಕಿಗೆ ಹೋದೆ.

"ಇಳಿ ಅಕ್ಕ. ಪ್ಲೀಸ್. ನನಗೆ ಈಜು ಬರಲ್ಲ, ನಿನ್ನನ್ನ ಎತ್ತೋಕೂ ಆಗಲ್ಲ."

"ನನಗೂ ಬರಲ್ಲ. ನಾನಿಳಿದ್ರೆ ಬ್ರೇಕ್ ಯಾರು ಎಳೀತಾರೆ? ಇವರಿಗೆ ಈ ಕಡೆ ಕಾಣಲ್ಲ."

"ಹಾಗಲ್ಲ ಕಣೇ, ನೋಡು, ಒಂದ್ವೇಳೆ..."

"ಶುರು ಮಾಡಿದ್ಯಾ? ಹೋಗು. ಕೈ ತೋರಿಸು, ಬಾಯಿ ಬೇಡ."

ಅವಳು ನಗುತ್ತಿದ್ದಳು. ನನಗದು ಧೈರ್ಯವೆಂದೇ ಕಂಡಿತು.

ಆ ಎಂಬತ್ತು ಹೆಜ್ಜೆ ನಾನು ಒಂದಕ್ಷರ ಮಾತಾಡಲಿಲ್ಲ. ಎರಡು ಕೈ ಎತ್ತಿ ಹಿಡಿದು, ಗಾಲಿ ಒಂದಿಷ್ಟು ವಾಲಿದರೂ ಅಂಗೈ ಅಡ್ಡ ಮಾಡಿ ನಿಲ್ಲಿಸಿದೆ. ಮುಂದಕ್ಕೆ, ನೇರ, ಮತ್ತೆ ಹಿಂದಕ್ಕೆ. ಸೈಕಲ್ಲಿನಲ್ಲಿ ಬಂದ ಡಚ್ ಹೆಂಗಸೊಬ್ಬಳು ಕಾಲು ಊರಿ ನಿಂತು ಏನೋ ಕೇಳಿದಳು. ಗಾಲಿಯಿಂದ ಕಣ್ಣು ತೆಗೆಯಲಿಲ್ಲ. ಕಣ್ಣು ಮಿಟುಕಿಸಿದರೆ ಗಾಲಿ ನೀರಿನಲ್ಲಿರುತ್ತದೆ ಎನ್ನಿಸುತ್ತಿತ್ತು. ಇದಕ್ಕೆ ಆಧಾರವೇನು ಎಂದು ಕೇಳುವವಳೇ ನಾನು; ಕೇಳಿಕೊಳ್ಳಲಿಲ್ಲ.

ಕೊನೆಗೆ ಕ್ಯಾರವಾನ್ ಗೇಟಿನೊಳಗಿನ ಜಲ್ಲಿಕಲ್ಲಿನ ಮೇಲೆ ಹತ್ತಿತು, ಅದರ ಹಿಂದೆ ಪಿಕಪ್. ನಾನು ಓಡಿಹೋಗಿ ಅಕ್ಕನ ಬಾಗಿಲು ತೆರೆದೆ. ಅವಳು ಇಳಿಯಲಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿದ ಕೈ ಹಿಡಿದಂತೆಯೇ ಇತ್ತು.

"ಬರ್ತಾ ಇಲ್ಲ ಕಣೇ," ಎಂದಳು, "ಕೈ ಬಿಡೋಕೆ ಬರ್ತಾ ಇಲ್ಲ."

ಭಾವ ಎಂಜಿನ್ ಆರಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.