ಅದು ಕಿರುಚಕ್ಕನ ದನಿಯಲ್ಲ

ನಾನು ದೆವ್ವಗಳ ಮಾತು ಬರೆಯುವವನು. ಹೊಟ್ಟೆಪಾಡು, ಏನು ಮಾಡುವುದು. ಬೇರೆ ಭಾಷೆಗಳಿಂದ ಬರುವ ಹೆದರಿಕೆಯ ಸಿನಿಮಾಗಳಿಗೆ ನಮ್ಮ ಭಾಷೆಯ ಮಾತು ಕೂರಿಸುತ್ತೇನೆ. ಪರದೆಯ ಮೇಲಿನ ತುಟಿ ತೆರೆದಾಗ ನನ್ನ ಮಾತು ಶುರುವಾಗಬೇಕು, ಮುಚ್ಚಿದಾಗ ನಿಲ್ಲಬೇಕು. ಮನೆಯಲ್ಲಿ ಹೆಂಡತಿ ಇಪ್ಪತ್ತೈದು ವರ್ಷದಿಂದ ನನ್ನಿಂದ ಬಯಸುತ್ತಿರುವುದೂ ಇದನ್ನೇ. ಸ್ಟುಡಿಯೋದಲ್ಲಿ ಕೈಹಿಡಿದ ವಿದ್ಯೆ ಮನೆಯಲ್ಲಿ ಮಾತ್ರ ಕೈಕೊಟ್ಟಿದೆ.

ಈ ಸಿನಿಮಾಗಳಲ್ಲಿ ಊರು ಬದಲಾಗುತ್ತದೆ, ಬಂಗಲೆ ಬದಲಾಗುತ್ತದೆ, ಕಥೆ ಮಾತ್ರ ಹಳೇ ಚಪ್ಪಲಿಯ ಹಾಗೆ ಎಲ್ಲ ಕಾಲಿಗೂ ಆಗುತ್ತದೆ. ಒಬ್ಬ ಹೆಂಗಸು. ಮೊದಲ ಅರ್ಧ ಗಂಟೆಯಲ್ಲಿ ಮೂರೋ ನಾಲ್ಕೋ ಗಂಡಸರು ಸೇರಿ ಅವಳನ್ನು ಹಾಳುಮಾಡಿ ಕೊಲ್ಲುತ್ತಾರೆ. ಕ್ಯಾಮೆರಾಕ್ಕೆ ಅಲ್ಲಿ ಯಾವ ಅವಸರವೂ ಇರುವುದಿಲ್ಲ. ಆಮೇಲೆ ಅವಳು ಕೂದಲು ಬಿಚ್ಚಿಕೊಂಡು, ಬಿಳಿ ಬಟ್ಟೆ ಉಟ್ಟುಕೊಂಡು ವಾಪಸ್ಸು ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಾಳೆ. ಕೊನೆಯಲ್ಲಿ ಇನ್ನೊಬ್ಬ ಗಂಡಸು ಬಂದು ಅವಳನ್ನು ಸೀಸೆಗೆ ತುಂಬಿ ಬಿರಡೆ ಹಾಕುತ್ತಾನೆ. ಜನ ಚಪ್ಪಾಳೆ ತಟ್ಟುವುದು ಬಿರಡೆ ಬಿದ್ದಾಗ.

ನನ್ನ ಸಂಭಾಷಣೆಯ ಹಾಳೆಯಲ್ಲಿ ಬದುಕಿರುವ ಆ ಹೆಂಗಸಿನ ಖಾನೆಯಲ್ಲಿ ನಾನು ಬರೆಯುವುದು ಒಂದೇ ಪದ: ‘ಕಿರುಚು’. ಸತ್ತ ಮೇಲೆ ಪುಟಗಟ್ಟಲೆ ಮಾತು. ಇದನ್ನು ನಾನಾಗಿ ಗಮನಿಸಿದ್ದೆ ಎಂದು ಹೇಳಿಕೊಳ್ಳಲು ಆಸೆಯಿದೆ. ಆದರೆ ಗಮನಿಸಿದ್ದು ಕಿರುಚಕ್ಕ.

ಕಿರುಚಕ್ಕ ಎಂದರೆ ನಮ್ಮ ಸ್ಟುಡಿಯೋದ ಗಂಟಲು. ಗೋಡೆಗೆ ಮೊಳೆ ಹೊಡೆದ ಹಾಗೆ ಮಾತಾಡುವ ಐವತ್ತೆರಡರ ಗಟ್ಟಿ ಹೆಂಗಸು. ಮೊದಲು ಅಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಂದು ದಿನ ಅವಳ ಪಾದದ ಮೇಲೆ ಇಲಿ ಓಡಿತಂತೆ. ಅವಳು ಹಾಕಿದ ಕೂಗಿಗೆ ಸೌಂಡ್ ಇಂಜಿನಿಯರ್ ಊಟದ ಕೈಯಲ್ಲೇ ಓಡಿಬಂದು, “ಅಮ್ಮಾ, ಇನ್ನೊಂದ್ಸಲ!” ಎಂದನಂತೆ. ಅಂದಿನಿಂದ ನಮ್ಮ ಪರದೆಯ ಮೇಲೆ ಯಾವ ನಾಯಕಿ ಸತ್ತರೂ ಗಂಟಲು ಇವಳದೇ. “ನಂಗೆ ಕೆಲ್ಸ ಕೊಡ್ಸಿದ್ದು ಇಲಿ. ಯಾರ ಶಿಫಾರಸು ಅಂತ ಕೇಳಿದ್ರೆ ಹೆಸರು ಹೇಳೋಕೂ ಆಗಲ್ಲ,” ಎನ್ನುತ್ತಿದ್ದಳು. ತೀರಿಕೊಂಡ ಗಂಡ ಬಸ್ ಡ್ರೈವರ್. “ಅವ್ರಿಗೆ ಹಾರನ್ ಅಭ್ಯಾಸ ಇತ್ತು. ನನ್ನ ಜೊತೆ ಬಾಳೋಕೆ ಅಷ್ಟು ಸಾಕಾಯ್ತು.”

ನಾವು ಮಾಡುತ್ತಿದ್ದ ಸಿನಿಮಾದಲ್ಲಿ ಆ ಕೊಲ್ಲುವ ದೃಶ್ಯ ನಾಲ್ಕು ನಿಮಿಷದ್ದು. ಬುಧವಾರ ಬೆಳಿಗ್ಗೆ ಹತ್ತೂವರೆಯಿಂದ ಅವಳು ಗಾಜಿನ ಕೋಣೆಯಲ್ಲಿ ನಿಂತು ಅದಕ್ಕೆ ಕಿರುಚುತ್ತಿದ್ದಳು. ಏಳನೇ ಸಲ ಮುಗಿದಾಗ ನಿರ್ದೇಶಕ ಮೈಕಿನಲ್ಲಿ ಹೇಳಿದ: “ಅಕ್ಕಾ, ಸೂಪರ್. ಆದ್ರೆ ಇನ್ನೊಂಚೂರು ಇಂಪಾಗಿ ಇರ್ಲಿ.”

ಅಕ್ಕ ಹೆಡ್‌ಫೋನ್ ತೆಗೆದಳು.

“ಇಂಪು ಬೇಕಾದ್ರೆ ಹಾಡೋಳನ್ನ ಕರ್ಸಪ್ಪ. ಇಲ್ಲಿ ಕೊಲೆ ಆಗ್ತಿದೆ.”

“ಹಾಗಲ್ಲಕ್ಕ, ಜನಕ್ಕೆ ಕೇಳೋಕೆ ಹಿತವಾಗಿ...”

“ಯಾವ ಜನಕ್ಕೆ? ಸಾಯೋಳಿಗಾ, ಕೊಲ್ಲೋರಿಗಾ?” ಎಂದವಳು ಗಾಜಿನಾಚೆಯಿಂದ ನನ್ನ ಕಡೆ ತಿರುಗಿದಳು. “ಅಲ್ರೀ ರೈಟ್ರೇ, ಈ ಹೆಂಗಸಿಗೆ ಬಾಯಿ ಬರೋಕೆ ಸಾಯಲೇಬೇಕಾ? ಬದುಕಿದ್ದಾಗ ಒಂದು ಮಾತು, ಒಂದೇ ಒಂದು ಮಾತು ಬರ್ದ್ರೆ ನಿಮ್ಮ ಪೆನ್ನಿನ ಇಂಕು ಖರ್ಚಾಗುತ್ತಾ?”

“ಜನ ಇದನ್ನೇ ನೋಡ್ತಾರೆ ಅಕ್ಕ,” ಎಂದೆ. ನನ್ನ ವೃತ್ತಿಯವರೆಲ್ಲ ಬಾಯಿಪಾಠ ಮಾಡಿಕೊಂಡಿರುವ ಸಾಲು ಅದು.

“ಜನ ನೋಡ್ತಾರೆ ಅಂತ ನೀವು ಬರೀತೀರಿ. ನೀವು ಬರೀತೀರಿ ಅಂತ ಜನ ನೋಡ್ತಾರೆ. ನಡುವೆ ಗಂಟಲು ಹರ್ಕೊಳ್ಳೋಳು ನಾನು,” ಎಂದು ಹೆಡ್‌ಫೋನ್ ಏರಿಸಿಕೊಂಡು ಎಂಟನೇ ಸಲ ಕಿರುಚಿದಳು. ಇಂಪಾಗಿರಲಿಲ್ಲ. ನಿರ್ದೇಶಕ ತೆಪ್ಪಗೆ ಓಕೆ ಅಂದ.

ಮಧ್ಯಾಹ್ನ ಒಂದೂವರೆಗೆ ಅವಳನ್ನು ನನ್ನ ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಮೂರು ಅಂತಸ್ತಿನ ಹಳೆಯ ಕಟ್ಟಡ. ಮೇಲೆ ಕಿರುಚಕ್ಕ. ನಡುವೆ ಎದುರುಬದುರಾಗಿ ನಿವೃತ್ತ ಮೇಷ್ಟ್ರು ಮತ್ತು ಟಿವಿ ಅಜ್ಜಿ. ಕೆಳಗೆ ಹಾಸಿಗೆ ಅಂಗಡಿಯವನು ಮತ್ತು ಅವನ ಹೆಂಡತಿ, ಇಪ್ಪತ್ತಾರರ ಹುಡುಗಿ, ಮದುವೆಯಾಗಿ ಎರಡು ವರ್ಷ. ಅಕ್ಕ ಮನೆಯಲ್ಲೇ ಅಭ್ಯಾಸ ಮಾಡುತ್ತಾಳೆ. ಮೊದಮೊದಲು ಯಾರೋ ಗಾಬರಿಯಾಗಿ ಪೊಲೀಸರನ್ನೇ ಕರೆಸಿದ್ದರಂತೆ. ಆಮೇಲೆ ಅವಳು ಒಂದು ಏರ್ಪಾಡು ಮಾಡಿಕೊಂಡಳು. ಅಭ್ಯಾಸವಿರುವ ದಿನ ಮೆಟ್ಟಿಲ ಬಳಿ ಒಂದು ಸ್ಲೇಟು ನೇತುಹಾಕುವುದು: ‘ಇಂದು ಹನ್ನೊಂದರಿಂದ ಹನ್ನೆರಡು ಕಿರುಚಾಟ ಇದೆ. ಯಾರೂ ಹೆದರಬೇಡಿ.’ ಆ ಕಟ್ಟಡದಲ್ಲಿ ಕಿರುಚಾಟಕ್ಕೂ ನಲ್ಲಿ ನೀರಿನ ಹಾಗೆ ಹೊತ್ತು ಗೊತ್ತಾಗಿತ್ತು.

ಮಂಗಳವಾರ ಹಾಕಿದ ಸ್ಲೇಟನ್ನು ತೆಗೆಯಲು ಅವಳು ಮರೆತಿದ್ದಳು.

ಮೆಟ್ಟಿಲ ಮೇಲೆ ಮೇಷ್ಟ್ರು ಎದುರಾದರು. ಮುಖ ಅರಳಿತ್ತು. “ಭೇಷ್ ಕಣಮ್ಮ! ಇವತ್ತಿನದು ಅದ್ಭುತ. ಆ ಕೊನೇದಂತೂ ಮೈ ಜುಮ್ ಅಂತು. ಇಷ್ಟು ದಿನದಲ್ಲಿ ಇಷ್ಟು ಸಹಜವಾಗಿ ನೀನು ಮಾಡಿದ್ದೇ ಇಲ್ಲ.”

“ಯಾವಾಗ ಮೇಷ್ಟ್ರೇ?”

“ಈಗ, ಹನ್ನೊಂದು ಗಂಟೆಗೆ.”

“ನಾನು ಹತ್ತು ಗಂಟೆಗೇ ಹೋದೋಳು ಈಗ ಬರ್ತಿದ್ದೀನಲ್ಲ.”

ಮೇಷ್ಟ್ರ ಮುಖದಲ್ಲಿ ಅರಳಿದ್ದು ಹಾಗೇ ನಿಂತಿತು, ಒಣಗುವುದಕ್ಕೂ ಪುರಸೊತ್ತಾಗದೆ. ಮೂವರೂ ಕೆಳಗೆ ನೋಡಿದೆವು. ಕೆಳಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗಿಂದ ಹಾಲು ಸೀದ ವಾಸನೆ.

ಹುಡುಗಿ ಅಡುಗೆಮನೆಯ ನೆಲದ ಮೇಲಿದ್ದಳು. ದವಡೆ ಮುರಿದಿತ್ತು, ಬಲಗೈ ಮುರಿದಿತ್ತು. ಜ್ಞಾನ ಇತ್ತು. ಅದೇ ಕಷ್ಟದ ಸಂಗತಿ. ಎರಡೂವರೆ ಗಂಟೆ ಆ ಜ್ಞಾನವನ್ನು ಇಟ್ಟುಕೊಂಡು ಅವಳು ಅಲ್ಲೇ ಬಿದ್ದಿದ್ದಳು. ಗಂಡ ಅಂಗಡಿ ತೆರೆಯಲು ಹೋಗಿದ್ದ.

ಆಸ್ಪತ್ರೆಗೆ ಪೊಲೀಸಿನವರೂ ಬಂದರು, ಗಂಡನೂ ಬಂದ. ಇಸ್ತ್ರಿ ಮಾಡಿದ ಅಂಗಿ, ಗಿರಾಕಿಗೆ ಹತ್ತಿ ತೋರಿಸುವ ಮೃದುವಾದ ದನಿ. “ಅವಳ ಮೈಮೇಲೆ ಬರುತ್ತೆ ಸಾರ್. ಆಗ ದನಿ ದಪ್ಪ ಆಗುತ್ತೆ. ಕಣ್ಣು ಬೆಳ್ಳಗಾಗುತ್ತೆ. ಹತ್ತಾಳಿನ ಶಕ್ತಿ ಬರುತ್ತೆ. ತನ್ನನ್ನ ತಾನೇ ಗೋಡೆಗೆ ಹೊಡ್ಕೋತಾಳೆ. ನಾನು ಯಾರ ಹತ್ರ ಹೇಳ್ಕೊಳ್ಲಿ?”

ದಪ್ಪ ದನಿ, ಬಿಳಿ ಕಣ್ಣು, ಹತ್ತಾಳಿನ ಶಕ್ತಿ. ಅವನು ಹೇಳುತ್ತಿದ್ದುದು ನಾನು ಮಾತು ಬರೆದ ಹಿಂದಿನ ಸಿನಿಮಾ. ಅನುಕ್ರಮವನ್ನೂ ತಪ್ಪಿಸಿರಲಿಲ್ಲ. ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಓದುವವರು ಸಿಗುವುದಿಲ್ಲ ಎಂದು ಗೊಣಗುತ್ತಿದ್ದವನು ನಾನು.

ಮುರಿದ ದವಡೆಗೆ ಪಟ್ಟಿ ಹಾಕಿ ಹುಡುಗಿಯ ಬಾಯಿ ಕಟ್ಟಿದ್ದರು. ಇನ್ಸ್‌ಪೆಕ್ಟರು ಕಾಗದ ಕೊಟ್ಟಾಗ ಎಡಗೈಯಲ್ಲಿ ಸೊಟ್ಟಗೆ ‘ಹೊಡೆದ’ ಎಂದು ಬರೆದಳು. ಗಂಡ ಬಗ್ಗಿ ನೋಡಿ ತಲೆಯಾಡಿಸಿದ. “ಇದು ಅವಳ ಅಕ್ಷರ ಅಲ್ಲ ಸಾರ್. ನೋಡಿ, ಅವಳ ಅಕ್ಷರ ದುಂಡಗಿರುತ್ತೆ. ಇದು ಒಳಗಿರೋದು ಬರೀತಿರೋದು.”

ಬಲಗೈ ಮುರಿದವನೇ ಎಡಗೈ ಅಕ್ಷರದ ತಪ್ಪು ಹುಡುಕುತ್ತಾನೆ! ನನ್ನ ಯಾವ ಖಳನಾಯಕನಿಗೂ ಇಷ್ಟು ಬುದ್ಧಿ ಕೊಡಲು ನನಗೆ ಆಗಿರಲಿಲ್ಲ. ಇನ್ನೂ ಸೋಜಿಗವೆಂದರೆ, ಇನ್ಸ್‌ಪೆಕ್ಟರು ಆ ಅಕ್ಷರವನ್ನು ಎರಡು ಸಲ ನೋಡಿ ಗದ್ದ ಕೆರೆದುಕೊಂಡರು. ಬದುಕಿರುವ ಹೆಂಗಸು ಕೈಯಾರೆ ಬರೆದುಕೊಟ್ಟದ್ದು ಅನುಮಾನ. ಸತ್ತವಳೊಬ್ಬಳು ಒಳಗೆ ಕೂತಿದ್ದಾಳೆ ಎಂಬುದು ಇದ್ದರೂ ಇರಬಹುದು!

“ಕಿರುಚಾಟ ಯಾರಾದ್ರೂ ಕೇಳಿದ್ರಾ?” ಎಂದು ಅವರು ಕೇಳಿದರು.

“ಅದು ಮೇಲ್ಮನೆಯವ್ರದು ಸಾರ್,” ಎಂದ ಗಂಡ ತಕ್ಷಣ. “ದಿನಾ ಕಿರುಚ್ತಾರೆ. ಬೋರ್ಡೇ ಹಾಕಿದ್ದಾರೆ.” ನಾಳೆ ಬೆಳಿಗ್ಗೆ ಹೆಂಡತಿಯನ್ನು ತನ್ನ ಊರಿಗೆ ಕರೆದೊಯ್ಯುತ್ತಾನಂತೆ. ಅಲ್ಲಿ ದೆವ್ವ ಬಿಡಿಸುವವರೊಬ್ಬರಿದ್ದಾರಂತೆ.

ಹುಡುಗಿಯ ಎಡಗೈ ಕಿರುಚಕ್ಕನ ಸೆರಗನ್ನು ಹಿಡಿದುಕೊಂಡಿತು. ನರ್ಸು ಬಂದು ಬಿಡಿಸಬೇಕಾಯಿತು.

ಹೊರಗೆ ಅಕ್ಕ ನನ್ನನ್ನು ಗೋಡೆಗೆ ನಿಲ್ಲಿಸಿಕೊಂಡಳು. “ಅವಳು ಆ ಊರಿಗೆ ಹೋದ್ರೆ ವಾಪಸ್ ಬರಲ್ಲ. ಕೇಳಿದ್ದು ಮೇಷ್ಟ್ರು, ಅಜ್ಜಿ. ಇಬ್ರೂ ಸಂಜೆ ಸ್ಟೇಷನ್ನಿಗೆ ಬರ್ಬೇಕು. ನೀವೂ ಬನ್ನಿ.”

“ನಾನು ಯಾಕಕ್ಕ? ನಾನು ಏನೂ ಕೇಳಿಲ್ವಲ್ಲ.”

“ಗೊತ್ತು. ಯಾವತ್ತೂ ಕೇಳಿಲ್ಲ. ಅದಕ್ಕೇ ಬನ್ನಿ.”

ಸಂಜೆ ಐದಕ್ಕೆ ಸ್ಟೇಷನ್ನಿನ ಬೆಂಚಿನ ಮೇಲೆ ನಾವು ನಾಲ್ವರು ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ ಕೂತಿದ್ದೆವು. ಬುಧವಾರ ಬೆಳಿಗ್ಗೆ ಅಕ್ಕ ಸ್ಟುಡಿಯೋದಲ್ಲಿದ್ದಳು ಎಂದು ನಾನು ಹೇಳಿದೆ. ಅಷ್ಟು ನನ್ನಿಂದಲೂ ಆಯಿತು.

“ಸರಿ, ಕಿರುಚಿದ್ದು ಇವರಲ್ಲ,” ಎಂದರು ಇನ್ಸ್‌ಪೆಕ್ಟರು. “ಆ ಹುಡುಗೀನೇ ಇರ್ಬಹುದು. ಆದ್ರೆ ಅವನು ಹೇಳೋ ಹಾಗೆ ಮೈಮೇಲೆ ಬಂದು ಕಿರುಚಿದ್ರೂ ಕಿರುಚಾಟ ಕಿರುಚಾಟವೇ ಅಲ್ವೇನ್ರಿ? ಹೊಡೆದಿದ್ದನ್ನ ನೋಡಿದವ್ರು ಯಾರು?”

ಮೇಷ್ಟ್ರು ಕೈಯಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿದರು. “ಬೋರ್ಡು ಇತ್ತು ಸಾರ್. ಬೋರ್ಡು ಇದ್ದದ್ದಕ್ಕೆ ನಾವು...”

“ಬೋರ್ಡು ಹಾಕಿದೋಳು ನಾನು. ಆ ಪಾಪ ನಂಗಿರ್ಲಿ,” ಎಂದಳು ಅಕ್ಕ. “ನೀವು ಕೇಳಿದ್ದೇನು, ಅದನ್ನ ಹೇಳಿ. ಬರೀ ಕಿರುಚಿದಳಾ?”

“ಬರೀ ಕಿರುಚಾಟ ಅಲ್ಲ,” ಎಂದರು ಟಿವಿ ಅಜ್ಜಿ ನೆಲ ನೋಡುತ್ತ. ಎಪ್ಪತ್ತು ದಾಟಿದ ಸಣ್ಣ ಜೀವ. “ಮಾತೂ ಇತ್ತು.”

“ಏನು ಮಾತು?”

“ಒಲೆ ಮೇಲೆ ಹಾಲಿದೆ...” ಅಜ್ಜಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು. “‘ಒಲೆ ಮೇಲೆ ಹಾಲಿದೆ, ಆರಿಸಿ ಬರ್ತೀನಿ, ಆಮೇಲೆ ಹೊಡೀರಿ’ ಅಂದಳು. ನಾನು ಸಿನಿಮಾದ್ದು ಅಂದ್ಕೊಂಡೆ.”

ಕಿರುಚಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ರೈಟ್ರೇ, ಇಷ್ಟು ವರ್ಷದಲ್ಲಿ ಈ ಮಾತು ನೀವು ಬರ್ದಿದ್ದೀರಾ?”

“ಇಲ್ಲಕ್ಕ.”

“ಬೇರೆ ಯಾರಾದ್ರೂ?”

“ಯಾರೂ ಬರ್ದಿಲ್ಲ.”

ಇನ್ಸ್‌ಪೆಕ್ಟರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. “ನೀವು ಏನು ಕೆಲಸ ಅಂದ್ರಿ?”

“ದೆವ್ವಗಳಿಗೆ ಮಾತು ಬರೀತೀನಿ ಸಾರ್.”

“ದೆವ್ವ ಮೈಮೇಲೆ ಬಂದ್ರೆ ಹೀಗೆ ಮಾತಾಡಲ್ವಾ?”

“ಇಲ್ಲ ಸಾರ್. ದೆವ್ವ ‘ನಿನ್ನ ರಕ್ತ ಕುಡೀತೀನಿ’ ಅನ್ನುತ್ತೆ. ಅದಕ್ಕೆ ಹಾಲಿನ ಚಿಂತೆ ಇರಲ್ಲ.”

ಪೇದೆಯೊಬ್ಬ ನಕ್ಕ. ಅರ್ಧಕ್ಕೇ ನಿಲ್ಲಿಸಿದ. ನಾನು ನೂರಾರು ಹೆಂಗಸರನ್ನು ಹಾಳೆಯ ಮೇಲೆ ಕೊಂದಿದ್ದೇನೆ. ಹೊಡೆತ ಬೀಳುವ ಮುಂಚೆ ಹಾಲು ಉಕ್ಕೀತೆಂದು ಹೆದರಿದವಳು ಅವರಲ್ಲಿ ಒಬ್ಬಳೂ ಇಲ್ಲ. ಹೊಡೆತ ಬೀಳುವುದು ಖಂಡಿತ ಎಂದು ಗೊತ್ತಿದ್ದು, ಒಲೆ ಆರಿಸುವಷ್ಟು ಬಿಡುವು ಮಾತ್ರ ಕೇಳಿದವಳು ಇಲ್ಲವೇ ಇಲ್ಲ. ಆಮೇಲೆ ಹೊಡೀರಿ, ಎನ್ನುತ್ತಾಳೆ. ಹೊಡೀಬೇಡಿ ಎನ್ನುವುದಿಲ್ಲ. ಅದನ್ನು ಕೇಳಿ ಕೇಳಿ ಎಷ್ಟು ಸಲ ಸೋತಿದ್ದಳೋ. ನಾಲ್ಕು ಗೋಡೆಯ ಒಳಗೆ ಎರಡು ವರ್ಷ ಇದು ನಡೆದಿತ್ತು. ನಾವೆಲ್ಲ ಹೆದರಿಕೆಗೆ ಟಿಕೆಟ್ಟು ತಗೊಂಡು ಕತ್ತಲಲ್ಲಿ ಬಿಳಿ ಬಟ್ಟೆಯವಳನ್ನು ಕಾಯುತ್ತ ಕೂತಿದ್ದೆವು. ಹೆದರಬೇಕಾದವನು ಇಸ್ತ್ರಿ ಅಂಗಿ ತೊಟ್ಟು ಕೆಳಗಿನ ಮನೆಯಿಂದ ದಿನಾ ಅಂಗಡಿಗೆ ಹೋಗಿ ಬರುತ್ತಿದ್ದ, ಮೆಟ್ಟಿಲ ಮೇಲೆ ಸಿಕ್ಕರೆ ನಮಸ್ಕಾರವನ್ನೂ ಹೇಳುತ್ತಿದ್ದ.

ಇನ್ಸ್‌ಪೆಕ್ಟರು ಪೇದೆಯನ್ನು ಕರೆದರು. “ಆಸ್ಪತ್ರೆಗೆ ಹೋಗಿ ಆ ಹಾಸಿಗೆಯವನನ್ನ ಕರ್ಕೊಂಡು ಬಾ. ಆ ಹೆಣ್ಣುಮಗಳನ್ನ ಯಾರೂ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ ಅಂತ ಡಾಕ್ಟರಿಗೂ ಹೇಳು.”

ಬರೆಯುವ ಪೇದೆ ಹೇಳಿಕೆ ಬರೆದುಕೊಂಡ. ಮೇಷ್ಟ್ರು ಸಹಿ ಹಾಕಿದರು. ಅವರ ಅಕ್ಷರ ಕೂಡ ಆ ಹೊತ್ತು ಸೊಟ್ಟಗೇ ಇತ್ತು. ಕಿರುಚಕ್ಕ ಹಾಕಿದಳು. ಅಜ್ಜಿ ಪೆನ್ನು ಮುಟ್ಟಲಿಲ್ಲ.

“ಕನ್ನಡಕ ತಂದಿಲ್ಲಪ್ಪ. ಏನು ಬರ್ದಿದ್ದೀಯೋ ಓದು.”

ಅವನು ಓದಿದ. ‘ಒಲೆ ಮೇಲೆ ಹಾಲಿದೆ, ಆರಿಸಿ ಬರ್ತೀನಿ, ಆಮೇಲೆ ಹೊಡೀರಿ ಎಂದು ಸದರಿ ಮಹಿಳೆಯು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿರುತ್ತದೆ.’

“ಒಂದ್ಸಲ ಬರ್ದಿದ್ದೀಯ. ಅವಳು ಮೂರು ಸಲ ಅಂದಳು.”

ಅವನು ‘ಮೂರು ಬಾರಿ’ ಎಂದು ಸೇರಿಸಿದ. “ಆಯ್ತಜ್ಜಿ. ಇಲ್ಲಿ ಹಾಕಿ.”

“ಇರಪ್ಪ. ಮೂರು ಸಲವೂ ನಾನು ಟಿವಿ ದನಿ ಜೋರು ಮಾಡ್ದೆ. ಅದನ್ನೂ ಬರಿ.”

ಪೇದೆ ಇನ್ಸ್‌ಪೆಕ್ಟರ ಮುಖ ನೋಡಿದ. “ಅದೆಲ್ಲ ಬೇಕಾಗಿಲ್ಲ ಬಿಡಿ ಅಜ್ಜಿ. ಕೇಸಿಗೆ ಅದರಿಂದ ಏನೂ ಇಲ್ಲ.”

“ಕೇಸಿಗೆ ಇಲ್ದೇ ಇರ್ಬಹುದು,” ಎಂದರು ಅಜ್ಜಿ, ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡು. “ನೀನು ಬರಿ. ಆಮೇಲೆ ಸಹಿ ಹಾಕ್ತೀನಿ.”