ಮೊದಲೇ ಇದ್ದ ಕಾಯಿಲೆ

ಲಂಡನ್ನಿನ ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆಯ ವಸಿಷ್ಠನಿಗೆ ಅಮೆರಿಕದ ಆರೋಗ್ಯವಿಮೆ ಕಂಪನಿಯೊಂದರ ಅಕ್ಸ್‌ಬ್ರಿಡ್ಜ್ ಆಫೀಸಿನಲ್ಲಿ ಕೆಲಸ. ಅಮೆರಿಕದ ರೋಗಿಗಳು ಚಿಕಿತ್ಸೆಗೆ ಹಣ ಕೇಳಿದರೆ, 'ಇದು ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆ, ಕೊಡಲಾಗದು' ಎಂದು ಕಾಗದ ಬರೆಯುವುದೇ ಆ ಕೆಲಸ. ನಾನು ಕೆಮ್ಮಿದರೂ, ತನ್ನ ಹೆಂಡತಿ ಕಲ್ಯಾಣಿ ಮುನಿಸಿಕೊಂಡರೂ, "ಇದು ಮೊದಲೇ ಇತ್ತಲ್ವಾ?" ಎನ್ನುತ್ತಾನೆ. ಮೊನ್ನೆ ಯಮ ನನ್ನನ್ನು ಕರೆದೊಯ್ಯಲು ಬಂದಿದ್ದ. ಇವನ ಫಾರಂ ತುಂಬುವುದರಲ್ಲೇ ಸುಸ್ತಾಗಿ ಕೋಣ ಹತ್ತಿ ವಾಪಸು ಹೋದ. "ಥೂ, ಹೊಟ್ಟೆಗೆ ಅನ್ನ ತಿಂತೀಯೇನೋ? ಸಾಯೋರಿಗೆ ಇಂಥ ಕಾಗದ ಬರೀತಾರಾ?" ಎಂದು ಬೈದರೆ ನಗುತ್ತಾನೆ. ಈ ವರ್ಷ ಬಡ್ತಿ ಕೊಟ್ಟು ಅಮೆರಿಕದ ಹೆಡ್ಡಾಫೀಸಿಗೇ ಕರೆದರು, ಒಲ್ಲೆ ಎಂದುಬಿಟ್ಟ. ಯಾಕೋ ಎಂದು ಗದರಿಸಿದೆ. "ಕಲ್ಯಾಣಿಗೆ ಸಕ್ಕರೆ ಕಾಯಿಲೆ ತಾತ, ಈಗ ಕಿಡ್ನಿಗೂ ಬಂದಿದೆ. ಇಲ್ಲಿ ಆಸ್ಪತ್ರೇಲಿ ಏನೂ ಕೇಳದೆ ನೋಡ್ತಾರೆ. ಅಲ್ಲಿ ನನ್ನಂಥವನೇ ಒಬ್ಬ ಕೂತಿರ್ತಾನೆ."