ದೆಲ್ಫಕ್ಕ ಎದೆಯಲ್ಲಿಟ್ಟ ಬೀಜ

ದೆಲ್ಫಕ್ಕ ನನ್ನ ಗಂಡನ ಅಕ್ಕ. ವಯಸ್ಸು ಎಪ್ಪತ್ತೊಂಬತ್ತು. ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ. ಮದುವೆ ಆಗಲಿಲ್ಲ. ಹೊಗೆಸೊಪ್ಪು ಬೆಳೆದಳು, ಸೇದಿದಳು, ಎಲ್ಲರನ್ನೂ ಬೈದಳು. ಅವಳ ಬದುಕು ಅಷ್ಟೇ ಅನ್ನುತ್ತಾರೆ ಊರವರು. ಅವರು ಈ ವಸಂತದಲ್ಲಿ ನಮ್ಮ ಮನೆಯೊಳಗೆ ಇರಲಿಲ್ಲ. ನಾನಿದ್ದೆ.

ಮದುವೆಯ ಮಾತು ಬಂದಿರಲಿಲ್ಲ ಅಂತಲ್ಲ. ಇಪ್ಪತ್ತೆರಡಕ್ಕೆ ಒಬ್ಬ ಒಪ್ಪಿದ್ದ. ಜರ್ಮನಿಗೆ ಕೆಲಸಕ್ಕೆ ಹೋದವನು ಅಲ್ಲಿಂದ ಕಾಗದ ಹಾಕಿದ, ಮೇ ತಿಂಗಳಲ್ಲಿ ಬಾ, ಮದುವೆಯಾಗೋಣ ಅಂತ. ಮೇ ತಿಂಗಳಲ್ಲಿ ಸಸಿ ನಾಟಿ, ಆಗಲ್ಲ ಅಂತ ಇವಳು ತಿರುಗಿ ಬರೆದಳು. ಅವನು ಜೂನ್ ಅಂದ. ಜೂನಿನಲ್ಲಿ ಕಳೆ ಅಂದಳು. ಅವನು ಮತ್ತೆ ಬರೆಯಲಿಲ್ಲ. ಇದನ್ನು ಅವಳೇ ನನಗೆ ಹೇಳಿದ್ದು, ನಗುತ್ತಾ. ಸುಳ್ಳೋ ನಿಜವೋ ಗೊತ್ತಿಲ್ಲ.

ನನ್ನ ಗಂಡ ಲೋವ್ರೊ ಹೋದ ನವೆಂಬರಿನಲ್ಲಿ ತೀರಿಕೊಂಡ. ಅದಕ್ಕೆ ಹಿಂದಿನ ವಸಂತದಲ್ಲೇ ಅವನ ಕಾಲು ಸೋತಿತ್ತು, ಹೊಲಕ್ಕೆ ಇಳಿಯಲಿಲ್ಲ. ಗಿಡ ಇಲ್ಲ, ಹೂವಿಲ್ಲ, ಹೊಸ ಬೀಜವೂ ಇಲ್ಲ. ನಮ್ಮ ಮನೆಯ ಹೊಗೆಸೊಪ್ಪಿನ ಬೀಜ ಲೋವ್ರೊನ ಅಜ್ಜನ ಕಾಲದ್ದು. ಹೆರ್ಜೆಗೊವಿನಾದ ಈ ಕಲ್ಲುನೆಲದಲ್ಲಿ ಮನೆಮನೆಗೊಂದು ಬೀಜವಿತ್ತು, ಈಗ ಎಲ್ಲರೂ ಅಂಗಡಿಯ ಸಿಗರೇಟು ಸೇದುತ್ತಾರೆ. ನಮ್ಮದನ್ನು ನಾವು ಯಾರಿಗೂ ಕೊಟ್ಟವರಲ್ಲ. ಪಕ್ಕದ ಮನೆಯ ಪಾಶ್ಕೋ ಮೂವತ್ತು ವರ್ಷ ಕೇಳಿದ. ಲೋವ್ರೊ ಅವನಿಗೆ ಒಣಗಿಸಿದ ಹಂದಿ ತೊಡೆ ಕೊಟ್ಟ, ಒಂದು ವರ್ಷ ಕತ್ತೆಯನ್ನೇ ಕೊಟ್ಟ, ಬೀಜ ಕೊಡಲಿಲ್ಲ. ನಾಟಿ ಮುಗಿದ ಮೇಲೆ ಮಿಕ್ಕ ಸಸಿಗಳನ್ನು ದೆಲ್ಫಕ್ಕ ತಾನೇ ಗುಂಡಿ ತೋಡಿ ಹೂಳುತ್ತಿದ್ದಳು, ಯಾರೂ ಕಿತ್ತುಕೊಂಡು ಹೋಗಬಾರದು ಅಂತ.

ಮಾರ್ಚ್ ಶುರುವಿನಲ್ಲಿ ಅವಳು ಬೀಜದ ಡಬ್ಬಿ ತೆಗೆದಳು. ಅದನ್ನಿಟ್ಟ ಮೂಲೆಯಲ್ಲಿ ಸೂರು ಸೋರಿತ್ತು. ಬೀಜ ಬೂಷ್ಟು ಹಿಡಿದು ಮುದ್ದೆಯಾಗಿತ್ತು. ಕಾಗದದ ಮಡಿಕೆಯಲ್ಲಿ ಒಂದು ಚಿಟಿಕೆ ಒಣಗಿದ್ದು ಉಳಿದಿತ್ತು. ಹೊಗೆಸೊಪ್ಪಿನ ಬೀಜ ಧೂಳಿನ ಹಾಗೆ, ಸೀನಿದರೆ ಹಾರಿಹೋಗುತ್ತದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡಿದಳು. ಇದು ಮೊಳೆತರೆ ಉಂಟು, ಇಲ್ಲದಿದ್ದರೆ ಅಜ್ಜನ ಹೊಗೆಸೊಪ್ಪು ಭೂಮಿ ಮೇಲಿಲ್ಲ ಅಂದಳು.

ನಾನು ಈ ವರ್ಷ ಬೇಡ ಅಂದೆ. ಆ ಹೊಲಕ್ಕೆ ಆಲೂಗಡ್ಡೆ ಹಾಕೋಣ, ಇಲ್ಲಾ ಸುಮ್ಮನೆ ಬಿಡೋಣ. ನನಗೆ ಆಗ ಯಾವುದೂ ಬೇಕಿರಲಿಲ್ಲ.

"ನಿಂಗೆ ಬೇಡ್ದಿದ್ರೆ ಬಿಡು," ಅಂದಳು. "ನಾನೇನು ನಿನ್ನ ಕೇಳ್ದೆನಾ? ಆ ಉಣ್ಣೆ ಕಾಲ್ಚೀಲ ಕೊಡು ಇಲ್ಲಿ."

ಬೀಜವನ್ನು ಒದ್ದೆ ಉಣ್ಣೆಯಲ್ಲಿ ಕಟ್ಟಿ ಎದೆಯಲ್ಲಿಟ್ಟುಕೊಳ್ಳುವುದು ನಮ್ಮಲ್ಲಿ ಹೆಂಗಸರ ಕೆಲಸ. ಮೈಶಾಖಕ್ಕೆ ಮೊಳೆಯುತ್ತದೆ. ಏಳೆಂಟು ದಿನ. ಅಂಗಾತವೇ ಮಲಗಬೇಕು, ಓಡಬಾರದು, ಉಣ್ಣೆ ಆರಬಾರದು. ದೆಲ್ಫಕ್ಕ ಗಂಟನ್ನು ಎದೆಯಲ್ಲಿಟ್ಟುಕೊಂಡು ಇಗರ್ಜಿಗೂ ಹೋದಳು. ಮಂಡಿಯೂರುವಾಗ ಒಂದು ಕೈ ಎದೆಯ ಮೇಲೆ. ಪಾದ್ರಿಗಳು ಅವಳ ಭಕ್ತಿ ನೋಡಿ ತಲೆಯಾಡಿಸಿದರು. ಹೊರಗೆ ಬಂದಾಗ ಪಾಶ್ಕೋ ಕೇಳಿದ, "ಏನಕ್ಕಾ, ಎಷ್ಟು ತಿಂಗಳು?"

"ಮುಚ್ಚೋ ಬಾಯಿ. ಹುಟ್ಟಿದ್ ಮೇಲೂ ನಿನ್ ಕೈಗೆ ಕೊಡಲ್ಲ," ಅಂದಳು.

ಅದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಆ ನಲವತ್ತು ದಿನ ದೆಲ್ಫಕ್ಕ ಸೇದುವುದಿಲ್ಲ. ಸೇದದ ದೆಲ್ಫಕ್ಕನ ಜೊತೆ ಒಂದೇ ಸೂರಿನ ಕೆಳಗೆ ಇರುವುದು ಏನೆಂದು ನನಗೊಬ್ಬಳಿಗೇ ಗೊತ್ತು. ಕಾಫಿ ಬಿಸಿ ಆಯಿತು ಅಂತ ಬೈದಳು, ತಣ್ಣಗಾಯಿತು ಅಂತ ಬೈದಳು. ನಾಲ್ಕನೇ ದಿನ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮಿದರೆ ಗಂಟು ಅಲುಗುತ್ತದೆ. ನನ್ನನ್ನು ಕರೆದು ಗಂಟು ತೆಗೆದು ನನ್ನ ರವಿಕೆಯೊಳಗೆ ತಳ್ಳಿದಳು. ಕೇಳಲಿಲ್ಲ. ಆಗಷ್ಟೇ ನೀರು ಚಿಮುಕಿಸಿದ್ದ ತಣ್ಣಗಿನ ಒದ್ದೆ ಉಣ್ಣೆ. ನಾನು ಕೂಗಿಕೊಂಡೆ. ಅವಳು ಕೆಮ್ಮುತ್ತಲೇ ನಕ್ಕಳು.

ಆ ರಾತ್ರಿಗಳಲ್ಲಿ ನಾನು ಅಂಗಾತ ಮಲಗಿದೆ. ನವೆಂಬರಿನಿಂದ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದವಳು.

ಅವಳು ಹಾಸಿಗೆಯಲ್ಲಿದ್ದದ್ದರಿಂದ ಸಸಿಮಡಿ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. ಅದು ಯಾವಾಗಲೂ ಲೋವ್ರೊನದ್ದು. ಮಣ್ಣು ಅಗೆದು ಮೇಲೆ ಹಳೆಯ ಆಡಿನ ಗೊಬ್ಬರ ಜರಡಿ ಹಿಡಿದು ಹಾಕಬೇಕು. ಗೊಬ್ಬರ ಹಳೆಯದಾಗಿರಬೇಕು, ಪುಡಿಯಾಗಿರಬೇಕು ಅಂದಿದ್ದಳು. ಕೊಟ್ಟಿಗೆಯ ಸೂರಿನ ಕೆಳಗೆ ಎರಡು ಚಪ್ಪಡಿಕಲ್ಲುಗಳಿವೆ. ಅವುಗಳ ಸುತ್ತ ಆಡುಗಳು ತುಳಿದು ತುಳಿದು ಹಿಕ್ಕೆ ಕಾಫಿಪುಡಿಯಂತಾಗಿತ್ತು. ಇಷ್ಟು ಒಳ್ಳೆಯದು ಬೇರೆಲ್ಲೂ ಇರಲಿಲ್ಲ. ನಾಲ್ಕು ಬುಟ್ಟಿ ಕೆರೆದು ತಂದೆ. ಮಡಿಗೆಲ್ಲ ಹಾಕಿ ಅಂಗೈಯಲ್ಲಿ ತಟ್ಟಿದೆ. ಬಹಳ ದಿನಗಳ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತು.

ಎಂಟನೇ ಬೆಳಿಗ್ಗೆ ಗಂಟು ಬಿಚ್ಚಿದೆವು. ಉಣ್ಣೆಯ ಮೇಲೆ ಸಣ್ಣ ಬಿಳಿ ಚುಕ್ಕಿಗಳು. ದೆಲ್ಫಕ್ಕ ಕಣ್ಣಿನ ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಮೊಳೆತಿದ್ದವು. ಆಮೇಲೆ ಮಡಿಯ ಹತ್ತಿರ ಬಂದಳು. ಬಗ್ಗಲು ಸೊಂಟ ಬಿಡುವುದಿಲ್ಲ, ನನ್ನ ಕೈಯಿಂದ ಒಂದು ಚಿಟಿಕೆ ಗೊಬ್ಬರ ಎತ್ತಿಸಿ ನಾಲಿಗೆಯ ತುದಿಗೆ ಇಟ್ಟುಕೊಂಡಳು. ಉಗಿದಳು.

"ಎಲ್ಲಿಂದ ತಂದೆ?"

ಹೇಳಿದೆ. ಹೇಳುವಾಗಲೇ ತಿಳಿಯಿತು. ಆ ಚಪ್ಪಡಿಗಳ ಮೇಲೇ ನಾವು ಆಡುಗಳಿಗೆ ಉಪ್ಪು ಹಾಕುವುದು. ನಲವತ್ತೊಂದು ವರ್ಷ ಅಲ್ಲಿ ಉಪ್ಪು ಹಾಕಿದವಳು ನಾನೇ.

"ಉಪ್ಪಲ್ಲಿ ಬಿತ್ತಿದ್ರೆ ಮೊಳಕೆ ಸುಟ್ಟೋಗುತ್ತೆ ಕಣೇ. ಅಕಸ್ಮಾತ್ ಬದುಕಿದ್ರೂ ಆ ಸೊಪ್ಪು ಹೊತ್ತಲ್ಲ. ಸೇದೋನು ಒಂದು ಕಡ್ಡಿಪೆಟ್ಟಿಗೆ ಪೂರ್ತಿ ಗೀರ್ಬೇಕು."

ನಾನು ಅಳಲಿಕ್ಕೆ ಶುರು ಮಾಡಿದೆ. ಮೊಳೆತ ಬೀಜ ಕಾಯುವುದಿಲ್ಲ, ಅವತ್ತೇ ಮಣ್ಣಿಗೆ ಬೀಳಬೇಕು. ಮಡಿ ಪೂರ್ತಿ ಹಾಳು. ಲೋವ್ರೊನ ಅಜ್ಜನ ಬೀಜವನ್ನು ನಾನು ಕೊಂದೆ.

ಅವಳು ಸಮಾಧಾನ ಮಾಡಲಿಲ್ಲ. ಅತ್ತು ಮುಗಿಸಿ ಪಾತ್ರೆ ತಾ ಅಂದಳು. ಅಗಲವಾಗಿದ್ದದ್ದು ಯಾವುದಾದರೂ ಸರಿ. ನಾನು ರೊಟ್ಟಿ ಹಿಟ್ಟು ನಾದುವ ಮರಿಗೆ ತಂದೆ. ಬಟ್ಟೆ ಒಗೆಯುವ ತೊಟ್ಟಿ, ಮಾಂಸ ಬೇಯಿಸುವ ಎರಡು ತಟ್ಟೆ ತಂದೆ. ಸಾಲಲಿಲ್ಲ. ಅವಳು ಕೋಲೂರಿಕೊಂಡು ಒಳಗೆ ಹೋಗಿ ಲೋವ್ರೊನ ಬಟ್ಟೆಯ ಖಾನೆಯನ್ನೇ ಬೀರುವಿನಿಂದ ಹೊರಗೆಳೆದಳು. ಅವನ ಅಂಗಿಗಳು ಹಾಸಿಗೆಯ ಮೇಲೆ ಬಿದ್ದವು. ನಾನು ಅವನ್ನು ಆವರೆಗೆ ಮುಟ್ಟಿರಲಿಲ್ಲ.

"ಅಕ್ಕ, ಅದು ಬೇಡ."

"ಒಳ್ಳೆ ಓಕ್ ಮರದ ಖಾನೆ. ಖಾಲಿ ಇಟ್ಕೊಂಡು ಏನ್ಮಾಡ್ತೀಯಾ?"

ಹೊಲದಿಂದ ಕೆಂಪು ಮಣ್ಣು ತಂದೆ. ಕೊಟ್ಟಿಗೆಯ ಹಿಂದಿನ ಗುಡ್ಡೆಯಿಂದ ಹಳೆಯ ಗೊಬ್ಬರ ತಂದೆ, ಈ ಸಲ ನಾನೂ ನಾಲಿಗೆಗೆ ಇಟ್ಟು ನೋಡಿದೆ. ಜರಡಿ ಹಿಡಿದೆ. ಅವಳು ಮೊಳಕೆಯನ್ನು ಬೂದಿಯಲ್ಲಿ ಕಲಸಿ, ಕೋಳಿಗೆ ಕಾಳು ಹಾಕುವ ಹಾಗೆ ಬೆರಳ ಸಂದಿಯಿಂದ ಬಿಟ್ಟಳು. ಐದು ಪಾತ್ರೆಗಳನ್ನೂ ಅಂಗಳದ ಮಳೆನೀರಿನ ತೊಟ್ಟಿಯ ಮುಚ್ಚಳದ ಮೇಲೆ ಬಿಸಿಲಿಗೆ ಇಟ್ಟೆವು. ಮೇಲೆ ಹೊದಿಸಲು ತೆಳು ಬಟ್ಟೆ ಬೇಕಿತ್ತು, ಇಲ್ಲದಿದ್ದರೆ ಬೆಟ್ಟದಿಂದ ಬೀಸುವ ಚಳಿಗಾಳಿ ಒಂದೇ ದಿನಕ್ಕೆ ಮುಗಿಸುತ್ತದೆ. ನಾನೇ ಹೋಗಿ ಅಂಗಿಗಳನ್ನು ತಂದೆ. ಮರಿಗೆಗೆ ಭಾನುವಾರದ ಬಿಳಿ ಅಂಗಿ.

ಗಾಳಿ ಬಂದಾಗ ಅಂಗಿಗಳು ಉಬ್ಬಿ ತೋಳು ಬೀಸುತ್ತಿದ್ದವು. ಪಾಶ್ಕೋ ಬೇಲಿಗೋಡೆಯ ಮೇಲಿಂದ ನೋಡಿದ. "ಲೋವ್ರೊ ಬದುಕಿದ್ದಾಗ ಇಷ್ಟು ದುಡೀತಿರ್ಲಿಲ್ಲ," ಅಂದ. ನಾನು ಸಿಟ್ಟಾಗಬೇಕಿತ್ತು. ನಗು ಬಂತು. ಒಳಗೆ ಹೋಗಿ ನಕ್ಕೆ.

ಹತ್ತು ದಿನಕ್ಕೆ ಮರಿಗೆಯಲ್ಲಿ ಹಸಿರು ಕಂಡಿತು. ಖಾನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂತು. ಮಾಂಸದ ಒಂದು ತಟ್ಟೆಯಲ್ಲಿ ಏನೂ ಬರಲಿಲ್ಲ. ಆಡಿನ ಹಿಕ್ಕೆಯನ್ನು ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿಯಾದ ಚಹಾದ ಬಣ್ಣಕ್ಕೆ ತಂದು ವಾರಕ್ಕೊಮ್ಮೆ ಚಿಮುಕಿಸಿದೆ. ಚಹಾಕ್ಕಿಂತ ಗಟ್ಟಿಯಾದರೆ ದೆಲ್ಫಕ್ಕ ನೀರು ಬೆರೆಸು ಅನ್ನುವಳು. ಈಸ್ಟರ್ ಬಂತು. ಇಗರ್ಜಿಯಿಂದ ಬಂದವಳೇ ಅವಳು ಲೋವ್ರೊನ ಡಬ್ಬಿಯಲ್ಲಿ ಉಳಿದಿದ್ದ ಸೊಪ್ಪಿನಿಂದ ಒಂದು ಸುತ್ತಿ ಸೇದಿದಳು. ಆ ದಿನ ಯಾರನ್ನೂ ಬೈಯಲಿಲ್ಲ.

ಮೇ ತಿಂಗಳು ಹದಿನಾಲ್ಕಕ್ಕೆ ಮಳೆ ಬಂತು. ಹದಿನೈದಕ್ಕೆ ನಾಟಿ. ಸಾಲಿನಲ್ಲಿ ಮೊದಲೇ ಗೊಬ್ಬರ ತುಂಬಿ ಬೂದಿ ಉದುರಿಸಿದ್ದೆ. ನಾನು ಗೂಟದಿಂದ ತೂತು ಮಾಡುತ್ತಾ ಹೋದೆ. ದೆಲ್ಫಕ್ಕ ಹಾಲು ಕರೆಯುವ ಮಣೆಯ ಮೇಲೆ ಕೂತು, ಮಣೆಯನ್ನೂ ಜೊತೆಗೆ ಎಳೆದುಕೊಂಡು, ಒಂದೊಂದೇ ಸಸಿ ಇಟ್ಟು ಬೆರಳಿಂದ ಒತ್ತಿದಳು. ಪಾಶ್ಕೋ ಕರೆಯದೆ ಬಂದ. ಕತ್ತೆಯ ಮೇಲೆ ನೀರು ಹೊತ್ತು ತಂದು ಪ್ರತಿ ಸಸಿಗೂ ಒಂದು ಲೋಟ ಹಾಕಿದ. ಅವನು ಹೆಚ್ಚು ಹಾಕಿದ ಅಂತ ಒಮ್ಮೆ, ಕಮ್ಮಿ ಹಾಕಿದ ಅಂತ ಒಮ್ಮೆ ಬೈಸಿಕೊಂಡ. ಮಧ್ಯಾಹ್ನ ಕರಿದ ಹಿಟ್ಟಿನುಂಡೆ, ಚೀಸು, ಅವನ ಮನೆಯ ದ್ರಾಕ್ಷಿ ಸಾರಾಯಿ. ಸಂಜೆಯ ಹೊತ್ತಿಗೆ ನಾಲ್ಕು ನೂರಕ್ಕೂ ಹೆಚ್ಚು ಸಸಿ ನಿಂತಿದ್ದವು. ನಿಂತಿದ್ದವು ಅನ್ನಬಾರದು, ಮಲಗಿದ್ದವು.

ಮೂರು ದಿನ ಹಾಗೇ ಮಲಗಿದ್ದವು. ಎಲೆ ಒದ್ದೆ ಚಿಂದಿಯ ಹಾಗೆ ಮಣ್ಣಿಗೆ ಅಂಟಿತ್ತು. ನಾನು ಪಾತ್ರೆ ತೊಳೆಯುತ್ತಾ ಹೊಲದ ಕಡೆ ನೋಡುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ದೆಲ್ಫಕ್ಕ ಹೊರಗಿನಿಂದ ನನ್ನ ಹೆಸರು ಕೂಗಿದಳು. ಬರಿಗಾಲಲ್ಲಿ ಓಡಿದೆ. ಅವಳು ಹೊಲದ ಅಂಚಿನಲ್ಲಿ ಕೋಲಿನ ಮೇಲೆ ಗಲ್ಲವಿಟ್ಟು ನಿಂತಿದ್ದಳು. ಸಸಿಗಳು ಎದ್ದಿದ್ದವು. ಸಾಲು ಸಾಲಾಗಿ, ಎರಡೆರಡು ಎಲೆ ಮೇಲೆತ್ತಿಕೊಂಡು.

"ನಿನ್ ಸಾಲು ಸೊಟ್ಟ," ಅಂದಳು. ಕಣ್ಣೊರೆಸಿಕೊಂಡು ಮತ್ತೆ ಅಂದಳು, "ಇರ್ಲಿ. ಬೇರು ಬಿಟ್ಟಿದೆ."

ಸತ್ತದ್ದು ಒಂಬತ್ತೇ. ಅವುಗಳ ಜಾಗ ತುಂಬಿದ ಮೇಲೂ ಖಾನೆಯಲ್ಲಿ ಅರವತ್ತರಷ್ಟು ಸಸಿ ಉಳಿದವು. ಪ್ರತಿ ವರ್ಷದಂತೆ ಹೂಳಲು ನಾನು ಗುದ್ದಲಿ ತಂದೆ. ದೆಲ್ಫಕ್ಕ ಖಾನೆಯ ಅಂಚಿನ ಮೇಲೆ ಕೈಯಿಟ್ಟು ತಡೆದಳು.

"ಗುದ್ದಲಿ ಇಡು. ಪಾಶ್ಕೋನ ಕರಿ."

"ಯಾಕಕ್ಕಾ?"

"ಒಂದೇ ಮನೇಲಿ ಇದ್ದಿದ್ದಕ್ಕೆ ತಾನೇ ಒಂದು ಚಿಟಿಕೆಗೆ ಬಂದು ನಿಂತಿದ್ದು? ನಮ್ ಸೂರು ಮತ್ತೆ ಸೋರಿದ್ರೆ? ಕರಿ ಅವನ್ನ."

ಪಾಶ್ಕೋ ಬಂದ. ವಿಷಯ ತಿಳಿದು ಟೋಪಿ ತೆಗೆದ. ಆಮೇಲೆ, ಇದರಲ್ಲಿ ವಿಷ ಗಿಷ ಹಾಕಿಲ್ಲ ತಾನೇ ಅಂತ ನನ್ನನ್ನು ಕೇಳಿದ. ಉಪ್ಪು ಮಾತ್ರ ಹಾಕಿಲ್ಲ ಅಂದೆ. ಅವನು ಎರಡೂ ಕೈಯಲ್ಲಿ ಖಾನೆಯನ್ನು ತೊಟ್ಟಿಲಿನ ಹಾಗೆ ಎತ್ತಿಕೊಂಡು ಹೋದ.

ಅರ್ಧ ಗಂಟೆ ಆಗಿರಲಿಲ್ಲ. ದೆಲ್ಫಕ್ಕ ಗೋಡೆಯ ಮೇಲಿಂದ ಅವನ ನಾಟಿ ನೋಡಿದಳು, ತಡೆಯಲಾಗಲಿಲ್ಲ. ಆಚೆ ದಾಟಿಸು ಅಂದಳು. ಸೊಂಟ ಹಿಡಿದು ಎತ್ತಿ ದಾಟಿಸಿದೆ, ಗೋಣಿಯಷ್ಟೂ ಭಾರವಿಲ್ಲ. ಮಣೆಯನ್ನೂ ಕೊಟ್ಟೆ. ಲೋ, ಅದು ಈರುಳ್ಳಿ ಅಂದ್ಕೊಂಡ್ಯಾ, ಆಳಕ್ಕೆ ಒತ್ತೋ ಅಂತ ಬೈಯುವುದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಅವನು ಒತ್ತಿದ್ದೀನಕ್ಕಾ ಅನ್ನುತ್ತಿದ್ದ. ನಾನು ಮೂರು ಜನಕ್ಕೆ ಕಾಫಿ ಇಟ್ಟೆ.